ಎರಿ ಹೊಲ ಮತ್ತು ಎಣ್ಣೆಬಾವಿ

"ಕನ್ನಡ ಶಾಲೆಯಲ್ಲಿ ಕಲಿತ ಹುಡುಗ ಮುಂದೆ ಡಿಪ್ಲೊಮಾ, ಇಂಜಿನಿಯರಿಂಗ್ ಅಂತ ಹೋದರೆ ಅವನಿಗೆ ಏನು ತಿಳಿದೀತು ಸರ್?" ಪ್ರವೇಶದ ದಿನಗಳಲ್ಲಿ ಪಾಲಕರು ಕೇಳುವ ಪ್ರಶ್ನೆ ಇದು. ಒಂದು ಉದಾಹರಣೆಯಿಂದಲೇ ಉತ್ತರ ಕೊಡುತ್ತೇವೆ.

ಅಕ್ಕಲಕೋಟ, ಜತ್ತ ಕಡೆಯ ಮಕ್ಕಳಿಗೆ ಎರಿ ಹೊಲ ಗೊತ್ತು. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಅದರಲ್ಲಿರುವ ಸ್ಮೆಕ್ಟೈಟ್ ಗುಂಪಿನ ಜೇಡಿ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುತ್ತದೆ. ಪದರಗಳ ನಡುವೆ ನೀರು ನುಗ್ಗಿದರೆ ಹಿಗ್ಗುತ್ತದೆ.

ಎಣ್ಣೆಬಾವಿ ಕೊರೆಯುವವರಿಗೂ ಇದೇ ತಲೆನೋವು. ಶೇಲ್ ಎಂದರೆ ಜೇಡಿಯೇ ಒತ್ತಡಕ್ಕೆ ಗಟ್ಟಿಯಾಗಿ ಆದ ಕಲ್ಲು. ಕೊರೆಯುವಾಗ ಪೈಪಿನೊಳಗಿಂದ ಕೆಸರು ದ್ರವವನ್ನು ಇಳಿಸುತ್ತಾರೆ. ಅದು ಬಿಟ್ ತಂಪು ಮಾಡಿ, ಕಲ್ಲಿನ ಚೂರುಗಳನ್ನು ಮೇಲೆ ತರುತ್ತದೆ. ಆ ದ್ರವದ ನೀರು ಶೇಲ್‌ಗೆ ಸೇರಿದರೆ ಗೋಡೆ ಉಬ್ಬಿ ಕುಸಿಯುತ್ತದೆ, ಪೈಪು ಸಿಕ್ಕಿಬೀಳುತ್ತದೆ.

ಪರಿಹಾರ? ಪೊಟ್ಯಾಸಿಯಂ ಕ್ಲೋರೈಡ್. ರೈತರು ಹೊಲಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರವೇ! ಪೊಟ್ಯಾಸಿಯಂ ಅಯಾನು ಜೇಡಿಯ ಪದರದ ಕುಳಿಗಳಲ್ಲಿ ಸರಿಯಾಗಿ ಕೂರುತ್ತದೆ. ಸೋಡಿಯಂನಷ್ಟು ನೀರನ್ನು ಸುತ್ತ ಕಟ್ಟಿಕೊಳ್ಳುವುದಿಲ್ಲ. ಹೀಗಾಗಿ ಪದರಗಳು ಒತ್ತಾಗಿ ಉಳಿಯುತ್ತವೆ. ಜೊತೆಗೆ ಜೇಡಿಯ ಮೇಲೆ ಹೊದಿಕೆಯಂತೆ ಅಂಟುವ ಪಾಲಿಮರ್‌ಗಳನ್ನು, ಗ್ಲೈಕಾಲ್‌ಗಳನ್ನು ಬೆರೆಸುವುದೂ ಉಂಟು.

ಇದರಲ್ಲಿ ಕನ್ನಡಕ್ಕೆ ಒಗ್ಗದ್ದು ಏನಿದೆ? ಅಯಾನು, ಪಾಲಿಮರ್ ಎಂಬ ಹೆಸರುಗಳು ಹಾಗೇ ಇರಲಿ. ವಿಚಾರ ಮಾತ್ರ ಮಗುವಿನ ಹೊಲದಿಂದ ಬರಲಿ. ತಪ್ಪು ಭಾಷೆಯದಲ್ಲ. ಎರಿ ಮಣ್ಣನ್ನು ಭೂಗೋಳದ ಪಾಠದಲ್ಲಿ, ಅಯಾನನ್ನು ರಸಾಯನದ ಪಾಠದಲ್ಲಿ ಹೇಳಿ, ಎರಡನ್ನೂ ಕೂಡಿಸದೆ ಬಿಡುವ ನಮ್ಮದು.

ಮೂರು ಗಾಜಿನ ಅಳತೆ ಕೊಳವೆ ತನ್ನಿ. ಸೋಸಿದ ಒಣ ಎರಿ ಮಣ್ಣನ್ನು ಹತ್ತತ್ತು ಗ್ರಾಂ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ, ಮೂರನೆಯದಕ್ಕೆ ಪೊಟ್ಯಾಷ್ ಕರಗಿಸಿದ ನೀರು ಹಾಕಿ ಒಂದು ದಿನ ಬಿಡಿ. ನೀರು ಮತ್ತು ಸೀಮೆಎಣ್ಣೆಯ ಹೋಲಿಕೆ ಸಿವಿಲ್ ಇಂಜಿನಿಯರುಗಳೂ ಮಾಡುವ ಪರೀಕ್ಷೆಯೇ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಮೂರನೆಯದನ್ನು ಮಕ್ಕಳೇ ಅಳೆದು ಹೇಳಲಿ.

ಇನ್ನೊಂದು ಮಾತನ್ನೂ ಮರೆಯದೆ ಹೇಳಬೇಕು. ಬಾವಿಗೆ ಒಳ್ಳೆಯದಾದ ಆ ಕ್ಲೋರೈಡ್, ಉಳಿಕೆ ಕೆಸರಿನ ಜೊತೆ ಹೊಲಕ್ಕೆ ಹರಿದರೆ ಬೆಳೆಗೆ ಕೆಟ್ಟದ್ದು. ಗೊಬ್ಬರವೂ ಅಳತೆ ಮೀರಿದರೆ ಉಪ್ಪೇ. ಇದು ರೈತನ ಮಗನಿಗೆ ಬೇಗ ತಿಳಿಯುತ್ತದೆ.

ಇಂಥ ಪಾಠ ಕಲಿತವನು ಕಾಲೇಜಿನಲ್ಲಿ ಇಂಗ್ಲಿಷಿನ ಹೊಸ ಹೆಸರು ಕಲಿಯಬೇಕಾದೀತು, ಹೊಸ ವಿಚಾರವನ್ನಲ್ಲ. ಪಾಲಕರಿಗೆ ನಾವು ಕೊಡಬೇಕಾದ ಉತ್ತರ ಭಾಷಣವಲ್ಲ, ಈ ಮೂರು ಕೊಳವೆ. ಗುರುಗಳೇ, ಏನಂತೀರಿ?