ಹತ್ತಿ ಎಲೆಯ ಖರೇ ಬಣ್ಣ ಯಾವ ಸಾಫ್ಟ್‌ವೇರ್‌ನಲ್ಲಿದೆ?

ಒಂದೇ ರಾ ಫೈಲ್. ಲೈಟ್‌ರೂಮ್‌ನಲ್ಲಿ ಒಂದು ಬಣ್ಣ, ಡಾರ್ಕ್‌ಟೇಬಲ್‌ನಲ್ಲಿ ಇನ್ನೊಂದು, ರಾಥೆರಪಿಯಲ್ಲಿ ಮತ್ತೊಂದು. ಕ್ಯಾಮೆರಾ ಹಿಡಿದವರೆಲ್ಲ ಈ ಜಗಳ ಒಮ್ಮೆಯಾದ್ರೂ ಆಡಿರ್ತಾರೆ: "ಇದರಾಗ ಖರೇದು ಯಾವುದು?" ನನ್ನ ಪ್ರಕಾರ ಪ್ರಶ್ನೆಯೇ ತಪ್ಪು. ಇದರಿಂದ ಕೆಡೋದು ಫೋಟೋ ಸ್ಪರ್ಧೆ ಮಾತ್ರ ಅಲ್ಲ, ನಮ್ಮ ಪ್ರಾಜೆಕ್ಟ್‌ಗಳೂ ಕೂಡ.

ರಾ ಫೈಲ್ ಅಂದ್ರೆ ಫೋಟೋ ಅಲ್ಲ, ಬೆಳಕಿನ ಅಳತೆ. ಹೆಚ್ಚಿನ ಸೆನ್ಸರ್‌ಗಳ ಮೇಲೆ ಬೇಯರ್ ಫಿಲ್ಟರ್ ಇರುತ್ತೆ. ಕೊಡಾಕ್‌ನ ಬ್ರೈಸ್ ಬೇಯರ್‌ಗೆ 1976ರಲ್ಲಿ ಪೇಟೆಂಟ್ ಸಿಕ್ಕ ವಿನ್ಯಾಸ ಅದು. ನಾಲ್ಕು ಪಿಕ್ಸೆಲ್‌ಗಳಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಒಂದು ಪಿಕ್ಸೆಲ್ ಅಳೆಯೋದು ಒಂದೇ ಬಣ್ಣ. ಉಳಿದೆರಡನ್ನು ಸಾಫ್ಟ್‌ವೇರ್ ಅಕ್ಕಪಕ್ಕ ನೋಡಿ ಲೆಕ್ಕ ಹಾಕುತ್ತೆ. ಆಮೇಲೆ ವೈಟ್ ಬ್ಯಾಲೆನ್ಸ್, ಕಲರ್ ಪ್ರೊಫೈಲ್. 14 ಬಿಟ್‌ನ 16,384 ಹಂತಗಳನ್ನು ಜೆಪೆಗ್‌ನ 256ಕ್ಕೆ ಇಳಿಸುವಾಗ ನೆರಳನ್ನು ಎಷ್ಟು ಬೆಳಗಿಸಬೇಕು ಅನ್ನೋದು ಒಬ್ಬೊಬ್ಬರದು ಒಂದೊಂದು ತೀರ್ಮಾನ. ಕ್ಯಾಮೆರಾದಲ್ಲಿ ನೀವು "ವಿವಿಡ್" ಇಟ್ಟದ್ದನ್ನು ಆ ಕಂಪನಿಯದೇ ಸಾಫ್ಟ್‌ವೇರ್ ಪಾಲಿಸುತ್ತೆ, ಬೇರೆಯವು ಬಹುತೇಕ ಕೇಳೋದಿಲ್ಲ. ಫೈಲ್ ತೆರೆದಾಗ ಮೊದಲು ಚೆಂದ ಕಂಡು ಕ್ಷಣದಲ್ಲಿ ಮಂಕಾಗುತ್ತಲ್ಲ, ಆ ಮೊದಲಿನದು ಕ್ಯಾಮೆರಾ ಒಳಗೇ ಇಟ್ಟಿರುವ ಜೆಪೆಗ್. ಹಿಟ್ಟು ಒಂದೇ, ರೊಟ್ಟಿ ಬಡಿಯೋ ಕೈ ಬೇರೆ. "ಎಡಿಟ್ ಮಾಡದ ರಾ ಮಾತ್ರ ಕಳಿಸಿ" ಅನ್ನೋ ಸ್ಪರ್ಧೆಯ ನಿಯಮಕ್ಕೆ ಹಾಗಾಗಿ ಅರ್ಥವೇ ಇಲ್ಲ.

ಇನ್ನು ಪ್ರಾಜೆಕ್ಟ್ ವಿಷಯ. ನಮ್ಮೂರು ಭೀಮರಾಯನಗುಡಿ: ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲೊನಿ, ಕೃಷಿ ಕಾಲೇಜು, ಸುತ್ತ ಎರೆ ಹೊಲ, ಹತ್ತಿ. ಹತ್ತಿ ಎಲೆ ಕೆಂಪಾಗೋದಕ್ಕೆ ಮೆಗ್ನೀಸಿಯಂ ಕೊರತೆ ಒಂದು ಕಾರಣ, ಜಿಗಿಹುಳು ಇನ್ನೊಂದು. ಕೊರತೆ ಇದ್ದರೆ ನರ ಹಸಿರಾಗೇ ಉಳಿದು ನಡುವೆ ಕೆಂಪಾಗುತ್ತೆ. ಹುಳು ಇದ್ದರೆ ಅಂಚು ಹಳದಿಯಾಗಿ, ಮುದುಡಿ, ಆಮೇಲೆ ಕೆಂಪು. ಒಂದಕ್ಕೆ ಮೆಗ್ನೀಸಿಯಂ ಸಲ್ಫೇಟ್, ಇನ್ನೊಂದಕ್ಕೆ ಕೀಟನಾಶಕ (ನಮ್ಮ ಕಡೆ "ಎಣ್ಣಿ ಹೊಡೆಯೋದು" ಅಂತಾರೆ). ತಪ್ಪು ಹೇಳಿದರೆ ರೈತನ ದುಡ್ಡು ಹೋಯ್ತು.

ಎಲೆ ನೋಡಿ ರೋಗ ಹೇಳುವ ಮಾಡೆಲ್ ಮಾಡದ ಬ್ಯಾಚ್ ಯಾವುದಿದೆ ಹೇಳಿ? ತಂಡದಲ್ಲಿ ಒಬ್ಬ ಆರೋಗ್ಯದ ಎಲೆಗಳನ್ನು ಒಂದು ಸಾಫ್ಟ್‌ವೇರ್‌ನಲ್ಲಿ, ಇನ್ನೊಬ್ಬ ರೋಗದ ಎಲೆಗಳನ್ನು ಬೇರೊಂದರಲ್ಲಿ ಜೆಪೆಗ್ ಮಾಡಿದ ಅಂದುಕೊಳ್ಳಿ. ಮಾಡೆಲ್ ಕಲಿಯೋದು ರೋಗವನ್ನಲ್ಲ, ಸಾಫ್ಟ್‌ವೇರ್ ನಡುವಿನ ವ್ಯತ್ಯಾಸವನ್ನ. ಪಿಪಿಟಿಯಲ್ಲಿ ಅಕ್ಯುರಸಿ ಮಾತ್ರ ಭರ್ಜರಿ!

"ರೈತ ಹೇಗೂ ಫೋನ್‌ನಲ್ಲೇ ತೆಗೀತಾನೆ, ಬಣ್ಣ ಬದಲಾದರೆ ಮಾಡೆಲ್‌ಗೆ ಒಳ್ಳೆಯದೇ" ಅಂತ ಕೆಲವರು ವಾದಿಸಬಹುದು. ಒಪ್ಪುತ್ತೇನೆ, ಆದರೆ ಆ ವೈವಿಧ್ಯ ಎಲ್ಲ ಗುಂಪಿನ ಎಲೆಗಳಿಗೂ ಸಮನಾಗಿ ಸಿಗಬೇಕು. ಕನಿಷ್ಠ ಮೂಲ ಚಿತ್ರಗಳೆಲ್ಲ ಒಂದೇ ಸಾಫ್ಟ್‌ವೇರ್, ಒಂದೇ ಸೆಟ್ಟಿಂಗ್‌ನಲ್ಲಿ ಹೊರಬರಲಿ. ಬೆಳಕು ಬದಲಾದಾಗಲೆಲ್ಲ ಗ್ರೇ ಕಾರ್ಡ್ ಇಟ್ಟು ಒಂದು ಫೋಟೋ ತೆಗೆಯಿರಿ. ಅದರ ಬದಲು ಝೆರಾಕ್ಸ್ ಪೇಪರ್ ಬೇಡ, ಅದರಲ್ಲಿ ಬೆಳ್ಳಗೆ ಕಾಣಲು ಹಾಕಿದ ರಾಸಾಯನಿಕ ನೀಲಿ ಛಾಯೆ ಕೊಡುತ್ತೆ. ವರದಿಯಲ್ಲಿ ಸಾಫ್ಟ್‌ವೇರ್ ಹೆಸರು, ವರ್ಷನ್, ಪ್ರೊಫೈಲ್ ಬರೆಯಿರಿ. ವೈವಾದಲ್ಲಿ ಅಕ್ಯುರಸಿ ಕೇಳೋ ಮೊದಲು ಇದನ್ನೇ ಕೇಳಲಿ ಅನ್ನೋದು ನನ್ನ ಬೇಡಿಕೆ.