ಕುದುರೆಯ ಆಕಳಿಕೆ, ದನದ ಗಂಗೆದೊಗಲು

ಕುದುರೆ ಆಕಳಿಸೋದನ್ನು ಹತ್ತಿರದಿಂದ ನೋಡಿದ್ದೀರಾ? ನಿದ್ದೆ ಬಂದರೆ ಮಾತ್ರ ಅಂತಲ್ಲ, ಬಿಗಿ ಹಿಡಿದಿದ್ದ ಕತ್ತು, ದವಡೆ ಸಡಿಲವಾದಾಗಲೂ ಅದು ಬಾಯಿ ಅಗಲಿಸುತ್ತೆ, ತುಟಿ ನೆಕ್ಕುತ್ತೆ, ತಲೆ ತಗ್ಗಿಸುತ್ತೆ. ಅಮೆರಿಕದ ಜಿಮ್ ಮಾಸ್ಟರ್‌ಸನ್ ಈ ಗುರುತುಗಳನ್ನೇ ನೋಡುತ್ತಾ ಮಾಡುವ ಒಂದು ಅಂಗಮರ್ದನ ಪದ್ಧತಿ ಕಟ್ಟಿದ್ದಾರೆ. ಮರ್ದನ ಅನ್ನೋದೂ ಜಾಸ್ತಿಯಾಯ್ತೇನೋ. ಕೈಯ ಒತ್ತಡಕ್ಕೆ ಅವರು ಕೊಡುವ ಅಳತೆ ಕೇಳಿ: ಮೊದಲು ಕೈಗೂ ಕೂದಲಿಗೂ ನಡುವಿನ ಗಾಳಿಯಷ್ಟು. ಆಮೇಲೆ ಮೊಟ್ಟೆಯ ಹಳದಿ ಒಡೆಯದಷ್ಟು. ಆಮೇಲೆ ದ್ರಾಕ್ಷಿಯಷ್ಟು. ನಿಂಬೆಹಣ್ಣಿನವರೆಗೆ ಹೋಗೋದು ಕೊನೆಗೆ.

ಕಿವಿಯ ಹಿಂದಿನಿಂದ ಬೆರಳನ್ನು ನಿಧಾನ ಜಾರಿಸುತ್ತಾ ಬರಬೇಕು, ಕಣ್ಣು ಮಾತ್ರ ಕುದುರೆಯ ಕಣ್ಣಿನ ಮೇಲೆ. ಎಲ್ಲಿ ಅದು ರೆಪ್ಪೆ ಬಡಿಯಿತೋ ಅಲ್ಲೇ ಕೈ ನಿಲ್ಲಿಸಿ ಕಾಯೋದು. ಅರ್ಧ ನಿಮಿಷವೋ, ಎರಡು ನಿಮಿಷವೋ. ಶಕ್ತಿ ಹರಿಯುವ ನಾಡಿಗೆರೆ ಇತ್ಯಾದಿ ವಿವರಣೆಗಳು ನನ್ನ ತಲೆಗೆ ಹೋಗಲಿಲ್ಲ, ಆದರೆ ಕಾಯೋದರಲ್ಲಿ ಅರ್ಥ ಇದೆ. ನೊಣ ಕೂತರೂ ಚರ್ಮ ಕಂಪಿಸುವ ಪ್ರಾಣಿ ಅದು. ಬೇಟೆಗೆ ಸಿಕ್ಕುವ ಜಾತಿಯಾದ್ದರಿಂದ ನೋವನ್ನು ತೋರಿಸಿಕೊಳ್ಳೋದು ಕಮ್ಮಿ. ಜೋರಾಗಿ ಒತ್ತಿದರೆ ಎದುರು ಒತ್ತುತ್ತೆ. ದಸರಾಕ್ಕೆ ಮುಂಚೆ ಮೈಸೂರಿನಲ್ಲಿ ಫಿರಂಗಿ ಹಾರಿಸಿ ಆನೆ, ಕುದುರೆಗಳಿಗೆ ಸದ್ದಿನ ಅಭ್ಯಾಸ ಮಾಡಿಸುತ್ತಾರಲ್ಲ, ಅದು ಹೆದರಿಕೆಗೆ ಒಗ್ಗಿಸುವ ದಾರಿ. ಇದು ಬೇರೆ.

ಬೆಂಗಳೂರಲ್ಲಿ ಶನಿವಾರದ ಸವಾರಿ ಕ್ಲಾಸಿನಲ್ಲಿ ನಾನು ಇಷ್ಟು ಕಲಿತೆ. ಸಂಪಾಜೆಯಲ್ಲಿ ಕುದುರೆ ಎಲ್ಲುಂಟು ಮಾರಾಯ್ತಿ ಅಂತ ಕೇಳಬೇಡಿ. ಇಲ್ಲ. ಮಡಿಕೇರಿ ಘಾಟಿ ಇಳಿದರೆ ಸಿಗುವ ನಮ್ಮೂರಲ್ಲಿ ಇರೋದು ಅಡಿಕೆ, ರಬ್ಬರ್, ಹಟ್ಟಿಯಲ್ಲಿ ಒಂದೋ ಎರಡೋ ದನ. ನಮ್ಮನೆಯಲ್ಲಿ ಒಂದು ಮಲೆನಾಡು ಗಿಡ್ಡ. ಅದು ಅಪ್ಪನ ದನ. 2022ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ ಸುತ್ತ ಭೂಮಿ ನಡುಗಿದ್ದು ನಿಮಗೆ ನೆನಪಿರಬಹುದು. ಆಗ ಅದಿನ್ನೂ ಕರು, ಹಟ್ಟಿಯೊಳಗೆ ಕಾಲಿಡಲು ಒಪ್ಪದೆ ಮಳೆಯಲ್ಲೇ ನಿಂತಿತ್ತು. ಅಪ್ಪ ಹೋಗಿ ಪಕ್ಕದಲ್ಲಿ ನಿಂತ ಮೇಲೇ ಒಳಗೆ ಬಂದದ್ದು.

ಕಳೆದ ವರ್ಷ ಅಪ್ಪ ಹೋದರು. ಆಮೇಲೆ ಕರು ಹಾಕಿದ ದನ ಅಮ್ಮನನ್ನು ಹತ್ತಿರ ಸೇರಿಸಲಿಲ್ಲ. ಪಾತ್ರೆ ಒದೆಯಿತು, ಅಮ್ಮನ ಮೊಣಕಾಲಿಗೂ ಒದೆಯಿತು. ದಲ್ಲಾಳಿ ಒಬ್ಬ ಬಂದು ನೋಡಿಕೊಂಡು ಹೋದ. "ಕೊಡುವುದಾ ಅಂತ ನೋಡ್ತಿದ್ದೇನೆ ಮಗಾ. ಒದೆಸಿಕೊಂಡು ಎಷ್ಟು ದಿನ?" ಅಂತ ಅಮ್ಮ ಫೋನಲ್ಲಿ ಕೇಳಿದರು. ಒಬ್ಬರೇ ಇರುವವರಿಗೆ ನಾನು ಬೆಂಗಳೂರಿಂದ ಏನು ಹೇಳಲಿ?

ಮೊದಲು ಡಾಕ್ಟರನ್ನು ಕರೆಸಿದೆವು. ಒದೆಯುವ ದನಕ್ಕೆ ಕೆಚ್ಚಲು ಬಾವೋ, ಮೊಲೆ ಸೀಳಿದ್ದೋ ಇದ್ದರೆ ಯಾವ ಸ್ಪರ್ಶವಿದ್ಯೆಯೂ ನಡೆಯೋಲ್ಲ, ಔಷಧಿಯೇ ಆಗಬೇಕು. ಹಾಗೇನೂ ಇರಲಿಲ್ಲ. ಆಮೇಲೆ ರಾತ್ರಿ ಬಸ್ಸು ಹತ್ತಿ ಹೋಗಿ, ಅಮ್ಮನಿಗೆ ಗಾಳಿ, ಮೊಟ್ಟೆ, ದ್ರಾಕ್ಷಿ ಎಲ್ಲ ವಿವರಿಸಿದೆ. ಕರೆಯುವ ಹೊತ್ತಲ್ಲದ ಹೊತ್ತಿಗೆ, ಪಾತ್ರೆ ಇಲ್ಲದೆ, ಹೆಗಲ ಪಕ್ಕ ನಿಲ್ಲಬೇಕು, ಹಿಂದಿನಿಂದ ಹೋಗಬಾರದು ಅಂದೆ. ಅಮ್ಮ ಕೇಳಿಸಿಕೊಂಡು, "ಇದೆಂತ ದೊಡ್ಡ ವಿದ್ಯೆ? ಗಂಗೆದೊಗಲು ತುರಿಸುವುದು ತಾನೇ! ನಿನ್ನ ಅಪ್ಪ ದಿನಾ ಮಾಡ್ತಿದ್ದರು" ಅಂದರು.

ಹೌದಲ್ಲ! 1993ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಕುದುರೆಗಳು ಪರಸ್ಪರ ಕಚ್ಚಿ ತುರಿಸಿಕೊಳ್ಳುವ ಜಾಗವನ್ನು, ಅಂದರೆ ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿ, ಮನುಷ್ಯರು ಉಜ್ಜಿದರೂ ಎದೆಬಡಿತ ಇಳಿಯುತ್ತೆ ಅಂತ ತೋರಿಸಿತು. ಆಸ್ಟ್ರಿಯಾದವರು 2008ರಲ್ಲಿ ಹಾಲಿನ ದನಗಳ ಮೇಲೆ ನೋಡಿದಾಗ, ಕತ್ತಿನ ಕೆಳಭಾಗ ನೇವರಿಸಿದರೆ ಅವು ಕತ್ತು ಚಾಚಿ ಕಿವಿ ಜೋಲು ಬಿಡುತ್ತಿದ್ದವು. ದನಗಳೂ ಒಂದನ್ನೊಂದು ನೆಕ್ಕೋದು ಹೆಚ್ಚಾಗಿ ತಲೆ, ಕತ್ತಿನ ಕಡೆಯೇ. ಅಪ್ಪ ಯಾವ ಅಧ್ಯಯನವನ್ನೂ ಓದಿದವರಲ್ಲ.

ಅಮ್ಮ ಈಗ ಬೆಳಿಗ್ಗೆ, ಸಂಜೆ ಹತ್ತು ಹತ್ತು ನಿಮಿಷ ನಿಲ್ಲುತ್ತಾರೆ. ಮೊದಲ ವಾರ ದನ ಕತ್ತು ತಿರುಗಿಸಿ ದೂರ ಸರಿಯುತ್ತಿತ್ತಂತೆ. ಸರಿದರೆ ಅಮ್ಮ ಹಿಂದೆ ಹೋಗುತ್ತಿರಲಿಲ್ಲ, ಕೈ ಇಳಿಸಿ ಅಲ್ಲೇ ನಿಲ್ಲುತ್ತಿದ್ದರು. ಮೂರನೇ ವಾರದಲ್ಲಿ ಕಿವಿ ಜೋಲು ಬಿಟ್ಟಿತು ಅಂತ ರಾತ್ರಿ ಒಂಬತ್ತಕ್ಕೆ ವಾಟ್ಸಾಪಲ್ಲಿ ವಿಡಿಯೋ. ಕತ್ತಲಲ್ಲಿ ಏನೂ ಕಾಣಿಸಲಿಲ್ಲ, ಅಮ್ಮ ಮಾತಾಡಿಸುವುದು ಮಾತ್ರ ಕೇಳಿಸಿತು.

ಹಿಂದಿನ ಎಡಮೊಲೆಗೆ ಕೈ ಹಾಕಿದರೆ ಈಗಲೂ ಕಾಲು ಎತ್ತುತ್ತೆ. ಆ ಒಂದನ್ನು ಸದ್ಯ ಕರುವಿಗೇ ಬಿಟ್ಟಿದ್ದಾರೆ. ದಲ್ಲಾಳಿ ಮತ್ತೆ ಫೋನ್ ಮಾಡಿದಾಗ, ಕರು ಹಾಲು ಬಿಡಲಿ ನೋಡುವ ಅಂದರಂತೆ.