ಈಳಿಗೆಮಣೆ ಬಚ್ಚಿಟ್ಟ ಅಜ್ಜಿ

ಕಳೆದ ವಾರ ಒಂದು ನಗು ನಗಲಾರದೆ ನಾನು ಒಂದು ದಿನದ ಕೆಲಸ ಕಳೆದುಕೊಂಡೆ.

ಈ ಅಂಕಣಕ್ಕೆ ಹೊಸಬರಾದ ಪುಟಾಣಿಗಳಿಗೆ ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ನಾನು ಕಂಠದಾನ ಕಲಾವಿದೆ. ಪರದೆಯ ಮೇಲೆ ನಟಿ ಬಾಯಿ ಆಡಿಸುತ್ತಾಳೆ. ಮುಚ್ಚಿದ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಮೈಕಿನ ಮುಂದೆ ನಿಂತು ಆ ಬಾಯಿಗೆ ಸರಿಯಾಗಿ ನಾನು ಮಾತಾಡುತ್ತೇನೆ. ಅಳುವುದು, ಕೆಮ್ಮುವುದು, ಮೆಟ್ಟಿಲು ಹತ್ತಿ ಏದುಸಿರು ಬಿಡುವುದು ಎಲ್ಲವೂ ನನ್ನದೇ.

ಅವತ್ತು ಬಂದದ್ದು ಎರಡು ನಿಮಿಷದ ಹಾಸ್ಯದೃಶ್ಯ. ಕೂದಲು ಕೆದರಿದ ಹೆಂಗಸೊಬ್ಬಳು ಬೀದಿಯಲ್ಲಿ ಕುಣಿಯುತ್ತಾಳೆ, ಕೇಕೆ ಹಾಕಿ ನಗುತ್ತಾಳೆ. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಒಂದು ಸಲ ನಕ್ಕೆ. ಗಾಜಿನ ಆಚೆಯಿಂದ ನಿರ್ದೇಶಕರ ಧ್ವನಿ ಬಂತು: "ಮೇಡಂ, ಇನ್ನೂ ಸ್ವಲ್ಪ ಹುಚ್ಚು ಬೇಕು."

ಸುಳ್ಳು ಯಾಕೆ ಹೇಳಲಿ, ಇಂಥ ನಗುವನ್ನು ಹಿಂದೆ ನಾಲ್ಕೈದು ಸಲ ಕೊಟ್ಟಿದ್ದೇನೆ, ದುಡ್ಡನ್ನೂ ತೆಗೆದುಕೊಂಡಿದ್ದೇನೆ. ಆದರೆ ಅವತ್ತು ಗಂಟಲು ಕಟ್ಟಿಕೊಂಡಿತು. ಕಾರಣ, ಬೆಳಿಗ್ಗೆ ತಿಂಡಿ ತಿನ್ನುವಾಗ ಏಳನೇ ಕ್ಲಾಸಿನ ನನ್ನ ಮಗ ಹೇಳಿದ ಮಾತು.

"ಅಮ್ಮಾ, ನನ್ನ ಪಕ್ಕ ಕೂತ್ಕೊಳ್ತಿದ್ನಲ್ಲ, ಅವನು ಮೆಂಟಲ್ ಡಾಕ್ಟರ್ ಹತ್ರ ಹೋಗ್ತಾನಂತೆ. ನಾವೆಲ್ಲ ಆ ಬೆಂಚು ಬಿಟ್ಟು ಹಿಂದೆ ಕೂತ್ಕೊಂಡ್ವಿ."

ಸ್ಕೂಲ್ ಬಸ್ಸಿಗೆ ಹೊತ್ತಾಗಿತ್ತು. ನಾನು ಏನೂ ಹೇಳಲಿಲ್ಲ. ಮೈಕಿನ ಮುಂದೆ ನಿಂತಾಗ ಆ ಖಾಲಿ ಬೆಂಚು ಕಣ್ಣಿಗೆ ಬಂತು. ಅದರ ಹಿಂದೆಯೇ ನನ್ನ ಚಿಕ್ಕಮ್ಮ ಬಂದಳು.

"ಇದು ನನ್ನ ಕೈಲಿ ಆಗಲ್ಲ ಸರ್, ಬೇರೆಯವರನ್ನ ಕರೆಸಿ" ಎಂದು ಹೇಳಿ ಹೊರಬಂದೆ. ಬೇರೆಯವರು ಬಂದು ಹತ್ತೇ ನಿಮಿಷದಲ್ಲಿ ನಕ್ಕು ಹೋದರಂತೆ.

ಚಿಕ್ಕಮ್ಮನ ವಿಷಯ ಹೇಳುತ್ತೇನೆ. ಆಗ ನನಗೆ ಒಂಬತ್ತು ವರ್ಷ. ಎರಡನೇ ಹೆರಿಗೆಗೆ ಅವಳು ತವರಿಗೆ, ಅಂದರೆ ನಾವಿದ್ದ ಅಜ್ಜಿಯ ಮನೆಗೆ ಬಂದಿದ್ದಳು. ಹೆರಿಗೆ ಸುಸೂತ್ರವಾಗಿ ಆಯಿತು. ಹತ್ತು ದಿನ ಕಳೆಯುವಷ್ಟರಲ್ಲಿ ಅವಳಿಗೆ ನಿದ್ದೆ ಹೋಯಿತು. ಯಾರೋ ಮಗುವನ್ನು ಕದಿಯಲು ಬರುತ್ತಿದ್ದಾರೆ ಎಂದು ರಾತ್ರಿಯಿಡೀ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಬಾಣಂತಿ ಸನ್ನಿ ಎಂದರು, ಗಾಳಿ ಸೋಕಿದೆ ಎಂದರು, ತಾಯಿತ ಕಟ್ಟಿದರು. ಕೊನೆಗೆ ತಾತ ಧೈರ್ಯ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೂರು ವಾರದಲ್ಲಿ ಅವಳು ಸುಧಾರಿಸಿಕೊಂಡು ಮನೆಗೆ ಬಂದಳು.

ಅವಳು ಬರುವ ಹಿಂದಿನ ದಿನ ಅಜ್ಜಿ ಅಡುಗೆಮನೆಯ ಈಳಿಗೆಮಣೆಯನ್ನೂ ಚಾಕುವನ್ನೂ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಮಗುವನ್ನು ಅವಳ ಕೈಗೆ ಕೊಡುವಾಗ ಪಕ್ಕದಲ್ಲಿ ಯಾರಾದರೊಬ್ಬರು ನಿಂತಿರುತ್ತಿದ್ದರು. ಅವಳು ಸ್ವಲ್ಪ ಜೋರಾಗಿ ನಕ್ಕರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಆಮೇಲಾಮೇಲೆ ಅವಳು ನಗುವುದನ್ನೇ ಬಿಟ್ಟಳು. ಒಂದು ಮಧ್ಯಾಹ್ನ ನನ್ನನ್ನು ಕರೆದು, "ಬಾರೇ, ಎರಡು ಜಡೆ ಹಾಕ್ತೀನಿ" ಅಂದಳು. ಬಾಚಣಿಗೆ ಹಿಡಿದ ಅವಳ ಕೈ ನೋಡಿ ನಾನು ಓಡಿಹೋದೆ.

ಎಷ್ಟೋ ವರ್ಷಗಳ ಮೇಲೆ ಟಿವಿಯಲ್ಲಿ 'ಶರಪಂಜರ' ಬಂತು. ಇಂದಿನ ಮಕ್ಕಳಿಗೆ ಇದು ತಿಳಿದಿರಲಿಕ್ಕಿಲ್ಲ, ನಿಮ್ಮ ಅಜ್ಜಿಯರನ್ನು ಕೇಳಿ. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ಅವರು ಸಿನಿಮಾ ಮಾಡಿದ್ದರು. ಕಾವೇರಿಯ ಪಾತ್ರ ಕಲ್ಪನಾ ಅವರದು. ಹೆರಿಗೆಯ ನಂತರ ಕಾವೇರಿಯ ಮನಸ್ಸು ಕೆಡುತ್ತದೆ. ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರುತ್ತಾಳೆ. ಆದರೆ ಅವಳು ವಾಸಿಯಾಗಿದ್ದಾಳೆಂದು ಯಾರೂ ನಂಬುವುದಿಲ್ಲ. ಗಂಡನೂ ನಂಬುವುದಿಲ್ಲ. ಆ ಅನುಮಾನದ ಕಣ್ಣುಗಳೇ ಬಾಣಗಳಾಗಿ ಕೊನೆಗೆ ಅವಳನ್ನು ಮತ್ತೆ ಆಸ್ಪತ್ರೆಗೆ ಅಟ್ಟುತ್ತವೆ.

ಸಿನಿಮಾ ಮುಗಿದ ಮೇಲೆ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದರು: "1972ರಲ್ಲಿ ಇದನ್ನ ಟಾಕೀಸಲ್ಲಿ ನೋಡಿದ್ದೆ ಕಣೇ. ನಿನ್ನ ಚಿಕ್ಕಮ್ಮ ಆಗ ಹನ್ನೆರಡರ ಹುಡುಗಿ, ನನ್ನ ಪಕ್ಕದಲ್ಲೇ ಕೂತಿದ್ಲು. ಎಷ್ಟು ಅತ್ತಿದ್ದೆವು! ಕಾವೇರಿ ಮನೆಯವರಿಗೆ ಎಷ್ಟು ಶಾಪ ಹಾಕಿದ್ದೆವು! ನಮ್ಮ ಮನೆಯಲ್ಲೇ ಹಾಗಾದಾಗ ನಾನೂ ಅದನ್ನೇ ಮಾಡಿದೆ ನೋಡು."

ಆದರೆ ಅಜ್ಜಿ ಅಷ್ಟಕ್ಕೇ ನಿಂತಿರಲಿಲ್ಲ. ಚಿಕ್ಕಮ್ಮ ಆಸ್ಪತ್ರೆಯಿಂದ ಬಂದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ತಾವೇ ಅಟ್ಟ ಹತ್ತಿ ಈಳಿಗೆಮಣೆ ಇಳಿಸಿದ್ದರು. ಅದನ್ನು ಚಿಕ್ಕಮ್ಮನ ಮುಂದೆ ಇಟ್ಟು, "ಹುರುಳಿಕಾಯಿ ಹೆಚ್ಚಿಕೊಡಮ್ಮ, ಸಾರಿಗೆ ಹೊತ್ತಾಯ್ತು" ಅಂದಿದ್ದರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಚಿಕ್ಕಮ್ಮ ಬಹಳ ಹೊತ್ತು ಈಳಿಗೆಮಣೆಯನ್ನೇ ನೋಡಿದಳು. ಆಮೇಲೆ ಅಳುತ್ತಳುತ್ತಲೇ ಒಂದೊಂದೇ ಕಾಯಿ ಹೆಚ್ಚಿದಳು. ಮಾತ್ರೆಗಳು ಅವಳಿಗೆ ನಿದ್ದೆ ಕೊಟ್ಟವು. ಮನೆಯಲ್ಲಿ ಅವಳ ಜಾಗವನ್ನು ವಾಪಸು ಕೊಟ್ಟದ್ದು ಆ ಹುರುಳಿಕಾಯಿ ಎಂದೇ ನಾನು ತಿಳಿದಿದ್ದೇನೆ.

ಕಾಯಿಲೆ ಮೈಗೆ ಬರುವಂತೆ ಮನಸ್ಸಿಗೂ ಬರುತ್ತದೆ. ಬಾಣಂತಿಯರಿಗೆ ಬರುವ ಈ ಕಾಯಿಲೆಗೆ ಒಳ್ಳೆಯ ಚಿಕಿತ್ಸೆ ಇದೆ, ಆದರೆ ತಡಮಾಡಬಾರದು. ತಾಯಿ ಮಗು ಇಬ್ಬರನ್ನೂ ಜೊತೆಯಲ್ಲೇ ಇರಿಸಿಕೊಂಡು ನೋಡಿಕೊಳ್ಳುವ ವಾರ್ಡು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಮನಸ್ಸಿಗೆ ಸಂಕಟವಾದಾಗ ಯಾರನ್ನು ಕೇಳಬೇಕೆಂದು ತೋಚದಿದ್ದರೆ 14416 ಸಂಖ್ಯೆಗೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹಿರಿಯರೇ, ನಮ್ಮ ಕಾಲದಲ್ಲಿ ಇಂಥದ್ದನ್ನು ಮುಚ್ಚಿಡುವುದೇ ಮರ್ಯಾದೆ ಎಂದುಕೊಂಡಿದ್ದೆವು. ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಈಳಿಗೆಮಣೆ ಇದ್ದರೆ ಈಗಲಾದರೂ ಇಳಿಸಿ. ಮಕ್ಕಳೇ, 'ಮೆಂಟಲ್' ಎಂಬುದು ಬೈಗುಳವಲ್ಲ. ಜ್ವರ ಬಂದ ಗೆಳೆಯನನ್ನು 'ಏ ಜ್ವರ' ಎಂದು ನೀವು ಕರೆಯುತ್ತೀರಾ?

ಅವತ್ತು ಸಂಜೆ ಮಗನಿಗೆ ಚಿಕ್ಕಜ್ಜಿಯ ಈ ಕಥೆ ಹೇಳಿದೆ. ಪ್ರತಿ ದಸರಾ ರಜೆಯಲ್ಲೂ ಅವನಿಗೆ ಕೋಡುಬಳೆ ಕರಿದುಕೊಡುವ ಚಿಕ್ಕಜ್ಜಿ ಅವಳೇ ಎಂದು ತಿಳಿದು ಅವನು ಬೆರಗಾದ. ಆಮೇಲೆ ಕೇಳಿದ: "ಅಮ್ಮಾ, ಜಡೆ ಹಾಕ್ತೀನಿ ಅಂದಾಗ ನೀನು ಯಾಕೆ ಓಡಿಹೋದೆ?"

"ಹೆದರಿದ್ದೆ ಕಣೋ. ದೊಡ್ಡವರೆಲ್ಲ ಹೆದರಿದ್ರು, ಅದಕ್ಕೇ ನಾನೂ ಹೆದರಿದೆ."

ಅವನು ಸುಮ್ಮನಾದ. ನಾನೂ ಉಪದೇಶ ಮುಂದುವರಿಸಲಿಲ್ಲ.

ಎರಡು ದಿನ ಬಿಟ್ಟು ಅವನ ಊಟದ ಡಬ್ಬಿ ತೊಳೆಯಲು ತೆಗೆದೆ. ನಾನು ಹಾಕಿಕೊಟ್ಟದ್ದು ಚಪಾತಿ ಪಲ್ಯ. ಡಬ್ಬಿಯಲ್ಲಿ ಅಂಟಿದ್ದದ್ದು ಪುಳಿಯೋಗರೆಯ ಅಗುಳು.

"ಇದು ಯಾರ್ದೋ?" ಅಂದೆ.

"ಅವನದು. ಅರ್ಧ ಅರ್ಧ ಮಾಡ್ಕೊಂಡ್ವಿ" ಅಂದವನೇ ಆಡಲು ಓಡಿದ.